ಏಡಿ ಪಟ್ಟಿಗೆ ಸಿಕ್ಕ ಬೆನ್ನು

ನನಗೆ ಬೆನ್ನುಮೂಳೆಯ ಕ್ಷಯ ಆಗಿತ್ತು. ಈಗ ಇಲ್ಲ. ಎಡಗಾಲು ಸ್ವಲ್ಪ ಎಳೆಯುತ್ತದೆ, ಬೆನ್ನ ನಡುವೆ ಮುಷ್ಟಿ ಗಾತ್ರದ ಗೂನು ಇದೆ, ಅಷ್ಟೆ. ಸತ್ತಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣ ಇದೆ. ನಮ್ಮ ಬೀದಿಯ ಕೊನೆ ಮನೆಯ ಸೊಸೆಗೆ ಇದೇ ಕಾಯಿಲೆ ಅಂತ ಹೋದ ತಿಂಗಳು ಡಾಕ್ಟರು ಹೇಳಿದರು. ಆ ಹುಡುಗಿ ಮೂರು ದಿನ ಊಟ ಬಿಟ್ಟು ಅತ್ತಳು. ನಾನು ಹೋಗಿ ಅವಳ ಮುಂದೆ ರವಿಕೆ ಬಿಚ್ಚಿ ಬೆನ್ನು ತೋರಿಸಿದೆ. ಅಳು ನಿಲ್ಲಿಸಿ ನೋಡಿದಳು. ಆಮೇಲೆ ಒಂದೊಂದೇ ಕೇಳುತ್ತಾ ಹೋದಳು. ಇದನ್ನೆಲ್ಲಾ ಬರೆದಿಡಿ ಅಜ್ಜಿ ಅಂದಳು. ನಾನು ಮೂರನೇ ಕ್ಲಾಸು. ನಾನು ಬರೆದರೆ ಸಾಲು ಹೊಲದ ಬದುವಿನ ಹಾಗೆ ಸೊಟ್ಟಗೆ ಹೋಗುತ್ತದೆ. ಅಕ್ಷರ ತಪ್ಪಿದ ಕಡೆ ಅವಳೇ ತಿದ್ದಿದ್ದಾಳೆ, ಮಾತು ನನ್ನದೇ. ಕಾಯಿಲೆ ಎಲ್ಲಿಂದ ಬರುತ್ತದೆ, ಯಾವ ಹುಳ ತರುತ್ತದೆ ಅಂತ ನನ್ನನ್ನು ಕೇಳಬೇಡಿ. ಅದನ್ನು ಡಾಕ್ಟರನ್ನು ಕೇಳಿ. ನನ್ನ ಮೈಗೆ ಏನಾಯಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ನಮ್ಮ ಯಜಮಾನರು ಪೈಲ್ವಾನರು. ಅವರು ಹೋಗಿ ಆರು ವರ್ಷ ಆಯಿತು. ನಾನು ವಸಂತಪುರದಿಂದ ಕತ್ರಿಗುಪ್ಪೆಗೆ ಸೊಸೆಯಾಗಿ ಬಂದಾಗ ಇದು ಹಳ್ಳಿ. ಹೊಲದಲ್ಲಿ ರಾಗಿ, ಹಿತ್ತಲಲ್ಲಿ ಎರಡು ಎಮ್ಮೆ. ಬೆಳಿಗ್ಗೆ ಸಂಜೆ ಯಜಮಾನರು ಗರಡಿ ಮನೆಗೆ ಹೋಗುತ್ತಿದ್ದರು. ಗರಡಿಯೊಳಕ್ಕೆ ಹೆಂಗಸರು ಕಾಲಿಡುವ ಹಾಗಿಲ್ಲ, ಅದು ಆಂಜನೇಯನ ಜಾಗ. ಹಾಗಾಗಿ ಅವರ ಮಣ್ಣಿನ ಕುಸ್ತಿಯನ್ನು ನಾನು ಒಂದು ದಿನವೂ ಕಂಡವಳಲ್ಲ. ಕೆಮ್ಮಣ್ಣು ಮೆತ್ತಿದ ಲಂಗೋಟಿ ಒಗೆದದ್ದೇ ನನ್ನ ಪಾಲಿಗೆ ಬಂದ ಕುಸ್ತಿ.

ನಾನು ಕಂಡದ್ದು ರಿಂಗಿನ ಕುಸ್ತಿ. ಜಯನಗರದ ಕಡೆ ಒಂದು ಮೈದಾನದಲ್ಲಿ ತಗಡಿನ ಬೇಲಿ ಕಟ್ಟಿ, ಟಿಕೀಟು ಇಟ್ಟು, ನಾಲ್ಕು ಕಂಬಕ್ಕೆ ಹಗ್ಗ ಬಿಗಿದು ಕುಸ್ತಿ ಆಡಿಸುವ ಕಂಟ್ರಾಕ್ಟರೊಬ್ಬ ಬಂದಿದ್ದ. ನಮ್ಮವರ ಮೈಕಟ್ಟು ನೋಡಿ ಸೇರಿಸಿಕೊಂಡ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಗುಲಿದರೆ ಸೋಲು. ರಿಂಗಿನಲ್ಲಿ ಹಾಗಲ್ಲ. ಪಟ್ಟು ಹಾಕಿ ಹಿಡಿದಿರುತ್ತಾರೆ, ತಡೆಯಲಾರದವನು ಅಂಗೈಯಿಂದ ನೆಲ ಬಡಿಯಬೇಕು. ಬಡಿದರೆ ಸೋತೆ ಅಂತ ಒಪ್ಪಿಕೊಂಡ ಹಾಗೆ. ಹಿಡಿದವನು ಬಿಡಬೇಕು.

ನಮ್ಮವರು ಆ ತಂಡದಲ್ಲಿ ಕಲಿತದ್ದು ಏಡಿ ಪಟ್ಟು. ಎದುರಿಗಿರುವವನನ್ನು ಬೋರಲು ಕೆಡವುವುದು, ಅವನ ಎರಡು ಕಾಲನ್ನೂ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಳ್ಳುವುದು, ಸೊಂಟದ ಮೇಲೆ ಕೂತು ಹಿಂದಕ್ಕೆ ವಾಲುವುದು. ಕೆಳಗಿರುವವನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ನಾನು ನೋಡಿದ ದಿನ ಕೆಳಗೆ ಇದ್ದವನು ಬಾಷಾ ಪೈಲ್ವಾನ್. ಅವನು ಅರಚಿದ್ದು ಕೇಳಿ ನನ್ನ ಪಕ್ಕದ ಹೆಂಗಸು ಕಣ್ಣು ಮುಚ್ಚಿಕೊಂಡಳು. ಬಸ್ಸಿನಲ್ಲಿ ಬರುವಾಗ ಯಜಮಾನರು ನಗುತ್ತಾ, ಅದೆಲ್ಲಾ ಮೊದಲೇ ಮಾತಾಗಿರುತ್ತದೆ, ನಾನು ಕಾಲು ಭಾಗ ಎಳೆದರೆ ಅವನು ಮುಕ್ಕಾಲು ಕೂಗುತ್ತಾನೆ ಅಂದರು. ದುಡ್ಡು ಕೊಟ್ಟು ನೋಡಿದವರ ಗತಿ ಏನು ಅಂತ ನಾನು ಕೇಳಿದೆ.

ಊರಲ್ಲಿ ಪೈಲ್ವಾನರಿಗೆ ಇನ್ನೊಂದು ಕೆಲಸ ಇರುತ್ತದೆ. ಉಳುಕು ತೆಗೆಯುವುದು, ಮೂಳೆ ಕೂಡಿಸುವುದು, ಸೊಂಟ ಹಿಡಿದವರನ್ನು ಎಬ್ಬಿಸುವುದು. ಗುರುವಾರ, ಭಾನುವಾರ ಬೆಳಿಗ್ಗೆ ನಮ್ಮ ಜಗಲಿ ತುಂಬಾ ಜನ. ಹೊಸಕೆರೆಹಳ್ಳಿ, ಉತ್ತರಹಳ್ಳಿ ಕಡೆಯಿಂದೆಲ್ಲಾ ಬರುತ್ತಿದ್ದರು. ದುಡ್ಡು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕೈಗುಣ ಹೋಗುತ್ತದೆ ಅಂತ ಅವರ ಉಸ್ತಾದರ ಮಾತು. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೆ. ರಿಂಗಿಗೆ ಹೋದಮೇಲೆ ಸೊಂಟದವರಿಗೆಲ್ಲಾ ಏಡಿ ಪಟ್ಟನ್ನೇ ಮೆಲ್ಲಗೆ ಹಾಕುವುದು ಶುರುಮಾಡಿದರು. ಎಣ್ಣೆ ಹಚ್ಚಿ, ಬೋರಲು ಮಲಗಿಸಿ, ಕಾಲು ಹಿಡಿದು ಹತ್ತು ಎಣಿಸುವುದು. ಲಟಕ್ ಅನ್ನುತ್ತಿತ್ತು. ಬಗ್ಗಿಕೊಂಡು ಬಂದವರು ನೆಟ್ಟಗೆ ನಡೆದುಕೊಂಡು ಹೋಗುತ್ತಿದ್ದರು. ಸುಳ್ಳಲ್ಲ, ನಾನೇ ಕಂಡಿದ್ದೇನೆ.

ಎಮರ್ಜೆನ್ಸಿ ಮುಗಿದ ಮರುವರ್ಷ ನನಗೆ ಬೆನ್ನು ನೋವು ಹಿಡಿಯಿತು. ಮೊದಲು ಎಲ್ಲರಿಗೂ ಬರುವಂಥದ್ದೇ ಅಂದುಕೊಂಡೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದೆ. ಅತ್ತೆ, ಎರಡು ಹೆತ್ತದ್ದಕ್ಕೇ ಹೀಗಾದರೆ ನಾನು ಒಂಬತ್ತು ಹೆತ್ತವಳು ಏನಾಗಬೇಕು ಅನ್ನುತ್ತಿದ್ದರು. ಅವರ ಒಂಬತ್ತರಲ್ಲಿ ಉಳಿದವರು ನಮ್ಮ ಯಜಮಾನರೊಬ್ಬರೇ. ಅದಕ್ಕೇ ನಾನು ಎದುರು ಮಾತಾಡುತ್ತಿರಲಿಲ್ಲ.

ಯಜಮಾನರು ಬೆನ್ನು ಮುಟ್ಟಿ ನೋಡಿ ಮೂಳೆ ಜರುಗಿದೆ ಅಂದರು. ನಡುಬೆನ್ನಲ್ಲಿ ಒಂದು ಕಡೆ ಉಬ್ಬು ಅವರ ಕೈಗೆ ಸಿಕ್ಕಿತ್ತು. ಜರುಗಿದ್ದನ್ನು ಕೂರಿಸುವುದು ಅವರಿಗೆ ಗೊತ್ತಿದ್ದ ವಿದ್ಯೆ. ಡಾಕ್ಟರ ಹತ್ತಿರ ಹೋಗೋಣ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಆಸ್ಪತ್ರೆಗೆ ಹೋಗಿ ವಾಸಿಯಾಗದವರೇ ನಮ್ಮ ಜಗಲಿಗೆ ಬರುತ್ತಿದ್ದರು. ಜಗಲಿ ಬಿಟ್ಟು ನಾವು ಆಸ್ಪತ್ರೆಗೆ ಹೋದರೆ ನೋಡಿದವರು ಏನಂತಾರೆ.

ಜಗಲಿ ಮೇಲೆ ಹೆಂಡತಿಯನ್ನು ಮಲಗಿಸುವ ಹಾಗಿಲ್ಲವಲ್ಲ, ಒಳಗೆ ನಡುಮನೆಯಲ್ಲಿ ಬಾಗಿಲು ಹಾಕಿಕೊಂಡು ಪಟ್ಟು ಹಾಕಿದರು. ಅತ್ತೆ ಪಕ್ಕದಲ್ಲಿ ಕೂತಿದ್ದರು. ಮೊದಲ ಸಲ ಹಾಕಿದಾಗ ನೋವಾಯಿತು, ಆದರೆ ಎರಡು ದಿನ ಹಗುರ ಅನ್ನಿಸಿತು. ಎರಡನೇ ಸಲ ಹಗುರ ಆಗಲಿಲ್ಲ. ಮೂರನೇ ಸಲ ಒಂದು ಭಾನುವಾರ. ಹೊರಗೆ ಜಗಲಿಯಲ್ಲಿ ಹದಿನೈದು ಇಪ್ಪತ್ತು ಜನ ಕಾಯುತ್ತಿದ್ದರು. ಯಜಮಾನರು ನನ್ನ ಕಾಲು ಎತ್ತಿದರು, ಕೂತರು, ಎಣಿಸುವುದಕ್ಕೆ ಶುರುಮಾಡಿದರು. ನಾಲ್ಕು ಅನ್ನುವಾಗ ಬೆನ್ನೊಳಗೆ ಏನೋ ಕುಸಿಯಿತು. ಲಟಕ್ ಅನ್ನಲಿಲ್ಲ. ಒದ್ದೆ ಗೋಡೆ ಕೂತುಹೋದ ಹಾಗೆ. ಬಿಡಿ ಅನ್ನಬಹುದಿತ್ತು. ಅಂದಿದ್ದರೆ ಬಿಡುತ್ತಿದ್ದರು. ಆದರೆ ಪೈಲ್ವಾನರ ಹೆಂಡತಿ ಒಳಗೆ ಕಿರುಚಿಕೊಂಡಳು ಅಂತ ಹೊರಗಿನವರಿಗೆ ಕೇಳಿಸಿದರೆ ಆಮೇಲೆ ಯಾರು ಅವರ ಕೈ ಕೆಳಗೆ ಮಲಗುತ್ತಾರೆ? ಸೆರಗು ಬಾಯಿಗೆ ತುರುಕಿಕೊಂಡು ಹತ್ತರ ತನಕ ಸುಮ್ಮನಿದ್ದೆ. ಬಾಷಾನಿಗಾದರೂ ನೆಲ ಬಡಿಯುವುದಕ್ಕೆ ಮಾತಾಗಿತ್ತು.

ಅವತ್ತು ಸಂಜೆ ಪಾದದಲ್ಲಿ ಇರುವೆ ಹರಿದ ಹಾಗಾಯಿತು. ಮಾರನೇ ದಿನ ಮೊಣಕಾಲ ತನಕ ಜೋಮು. ಮಂಗಳವಾರ ಬೆಳಿಗ್ಗೆ ಒರಳ ಮುಂದೆ ಕೂತವಳು ಏಳಲಿಲ್ಲ. ಏಳು ಅಂತ ಕಾಲಿಗೆ ಹೇಳುತ್ತೇನೆ, ಕಾಲು ನನ್ನದಲ್ಲ. ಕೂತಲ್ಲೇ ಒದ್ದೆಯಾಯಿತು, ಅದೂ ಗೊತ್ತಾಗಲಿಲ್ಲ. ಅತ್ತೆ ನೋಡಿ ಹೇಳಿದಮೇಲೆ ಗೊತ್ತಾಯಿತು.

ಯಜಮಾನರು ಬಂದು ನನ್ನನ್ನು ಎತ್ತಿ ಚಾಪೆ ಮೇಲೆ ಬೋರಲು ಮಲಗಿಸಿದರು. ಪೂರ್ತಿ ಕೂತಿಲ್ಲ, ಇನ್ನೊಂದು ಸಲ ಹಿಡಿದರೆ ಸರಿಹೋಗುತ್ತದೆ ಅಂದರು. ಅತ್ತೆ ಒಲೆ ಮುಂದಿನಿಂದ ಎದ್ದು ಬಂದರು. ನನ್ನನ್ನು ಎಂದೂ ಒಳ್ಳೆ ಮಾತಿಂದ ಕರೆದವರಲ್ಲ.

"ಮುಟ್ಟಿದ್ಯಾ ಅಂದ್ರೆ ಕೈ ಕಡ್ದಾಕ್ಬುಡ್ತೀನಿ," ಅಂದರು. "ಎತ್ಕೊಳ್ಲಾ ಅವ್ಳನ್ನ. ಆಸ್ಪತ್ರೆಗೆ ನಡಿ."

ಎತ್ತಿಕೊಂಡರು. ಗಾಡಿಯಲ್ಲಿ ಬನಶಂಕರಿ ಗುಡಿ ತನಕ, ಅಲ್ಲಿಂದ ಬಸ್ಸು. ಆರಡಿ ಆಳು ಹೆಂಡತಿಯನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡದ್ದನ್ನು ಬಸ್ಸಿನವರೆಲ್ಲಾ ನೋಡಿದರು. ಕಂಡಕ್ಟರು ಒಂದು ಟಿಕೀಟು ಕೊಡಬೇಕೋ ಎರಡೋ ಅಂತ ಕೇಳಿದ. ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಕಾಯುವ ಜಾಗದ ಬೆಂಚು ತುಂಬಿತ್ತು. ನೆಲದ ಮೇಲೆ ಮಲಗಿಸಿದರು. ನನ್ನ ತಲೆ ಪಕ್ಕ ಚಪ್ಪಲಿಗಳು ಹೋಗುತ್ತಾ ಬರುತ್ತಾ ಇದ್ದವು. ಆರೋಗ್ಯವಾಗಿರುವವರು ಎಷ್ಟು ಅವಸರವಾಗಿ ನಡೆಯುತ್ತಾರೆ ಅನ್ನುವುದು ನನಗೆ ಅವತ್ತೇ ತಿಳಿದದ್ದು. ಒಬ್ಬಳು ಮುದುಕಿ, ಯಾರೋ ಏನೋ, ತನ್ನ ಗಂಟು ಬಿಚ್ಚಿ ಒಂದು ಸೀರೆ ಮಡಿಸಿ ನನ್ನ ತಲೆ ಕೆಳಗೆ ಇಟ್ಟಳು. ಸಂಜೆ ಅವಳ ಸರದಿ ಮುಗಿದು ಹೋಗುವಾಗ ಅದನ್ನು ಹಾಗೇ ಬಿಟ್ಟು ಹೋದಳು.

ಎಕ್ಸ್‌ರೇ ತೆಗೆದರು. ಕನ್ನಡಕದ ದೊಡ್ಡ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡು ಮೂಳೆಯನ್ನು ಕ್ಷಯ ತಿಂದುಹಾಕಿದೆ, ತಿಂದ ಮೂಳೆ ಕುಸಿದು ಕೀವು ನರವನ್ನು ಒತ್ತುತ್ತಿದೆ ಅಂದರು. ಕ್ಷಯ ಅಂದರೆ ಕೆಮ್ಮು ಅಂತ ಮಾತ್ರ ನಮಗೆ ಗೊತ್ತು. ನಾನು ಒಂದು ದಿನವೂ ಕೆಮ್ಮಿದವಳಲ್ಲ. ಕಾಲು ಹೇಗೆ ಹೋಯಿತು, ಒಂದೇ ಸಲವೋ ನಿಧಾನಕ್ಕೋ ಅಂತ ಕೇಳಿದರು. ಯಾರಾದರೂ ಬೆನ್ನು ನೀವಿದರಾ, ಎಳೆದರಾ ಅಂತಲೂ ಕೇಳಿದರು.

ನಾನು ಯಜಮಾನರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಇಲ್ಲ ಸ್ವಾಮಿ, ತಿಂಗಳ ಹಿಂದೆ ನೀರಿನ ಕೊಡ ಹೊತ್ತು ಬರುವಾಗ ಬಿದ್ದೆ, ಆವತ್ತಿನಿಂದ ಸ್ವಲ್ಪ ಸ್ವಲ್ಪವಾಗಿ ಕಾಲು ಹೋಯಿತು ಅಂದೆ. ಡಾಕ್ಟರು ಬರೆದುಕೊಂಡರು. ಸುಳ್ಳು ಹೇಳಿದ್ದು ನಾನು, ಅವರಲ್ಲ. ಇದನ್ನು ಯಾರೂ ಮರೆಯಬಾರದು.

ನಿಧಾನಕ್ಕೆ ಹೋದ ಕಾಲಾದರೆ ಔಷಧಿಗೆ ತಿರುಗಿ ಬರುವುದುಂಟು, ಕಾದು ನೋಡೋಣ ಅಂದರು ಡಾಕ್ಟರು. ಕಾಯುವುದು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಬೆನ್ನಿನ ಅಚ್ಚಿಗೆ ಸರಿಯಾಗಿ ಪ್ಲಾಸ್ಟರಿನ ದೋಣಿ ಥರ ಒಂದು ಮಾಡಿ, ಅದರೊಳಗೆ ಅಂಗಾತ ಮಲಗಿಸಿದರು. ಆ ಕಡೆ ಈ ಕಡೆ ಮರಳು ಚೀಲ. ತಿರುಗುವ ಹಾಗಿಲ್ಲ, ಏಳುವ ಹಾಗಿಲ್ಲ. ಉಚ್ಚೆಗೆ ನಳಿಕೆ. ದಿನಾ ಸೊಂಟಕ್ಕೊಂದು ಇಂಜೆಕ್ಷನ್ನು. ಅದರಿಂದ ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಶಬ್ದ. ಗಂಟಲಲ್ಲಿ ಇಳಿಯದ ಕಹಿ ಪುಡಿ. ತಲೆಗೆ ಹೇನಾಯಿತು. ಕೆರೆದುಕೊಳ್ಳುವುದಕ್ಕೆ ಕೈ ಇತ್ತು, ಅದೊಂದು ಪುಣ್ಯ.

ನಾನು ನೋಡಬಹುದಾಗಿದ್ದದ್ದು ಸೂರು ಒಂದೇ. ಪಕ್ಕದ ಮಂಚದ ರಾಜಮ್ಮನಿಗೆ ತೊಡೆ ಮೂಳೆ ಮುರಿದು ಕಾಲಿಗೆ ಇಟ್ಟಿಗೆ ತೂಗುಹಾಕಿದ್ದರು. ಅವಳ ಹತ್ತಿರ ಅಂಗೈಯಗಲದ ಕನ್ನಡಿ ಇತ್ತು. ಅದನ್ನು ನನಗೆ ಕೊಟ್ಟಳು. ಮೇಲಕ್ಕೆ ಹಿಡಿದು ಓರೆ ಮಾಡಿದರೆ ವಾರ್ಡಿನ ಬಾಗಿಲು ಕಾಣುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರ ಮೇಲೆ ಬಟ್ಟೆ ಮುಚ್ಚಿ ಒಯ್ದರು, ಎಲ್ಲಾ ಅದರಲ್ಲೇ ನೋಡಿದೆ. ಕಾಯಿಲೆಯವರನ್ನು ನೋಡಲು ಹೋಗುವವರು ಹಣ್ಣು ಒಯ್ಯುವ ಬದಲು ಒಂದು ಕನ್ನಡಿ ಒಯ್ಯಿರಿ.

ಮಕ್ಕಳನ್ನು ತವರಿಗೆ ಕಳಿಸಿದ್ದೆವು. ನನ್ನ ಅಣ್ಣನ ಹೆಂಡತಿ ನೋಡಲು ಬಂದವಳು ಮೂಗಿಗೆ ಸೆರಗು ಹಿಡಿದು ಮಂಚದಿಂದ ಎರಡು ಮಾರು ದೂರ ನಿಂತಿದ್ದಳು. ಅತ್ತೆ ನನಗೆ ಬೇರೆ ತಟ್ಟೆ, ಬೇರೆ ಲೋಟ ತಂದಿಟ್ಟರು. ನನಗೆ ಬೇಜಾರಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆ ಬೇರೆ ತಟ್ಟೆಯಲ್ಲಿ ಮುದ್ದೆ ತಪ್ಪದೆ ಬರುತ್ತಿತ್ತು, ಅಷ್ಟು ಸಾಕು.

ಯಜಮಾನರು ದಿನಾ ಬರುತ್ತಿದ್ದರು. ಗಂಡಸರನ್ನು ವಾರ್ಡಿನೊಳಗೆ ಬಿಡುತ್ತಿದ್ದದ್ದು ಸಂಜೆ ಒಂದು ಗಂಟೆ ಹೊತ್ತು ಮಾತ್ರ. ಆ ಒಂದು ಗಂಟೆ ಮಂಚದ ಪಕ್ಕ ನಿಂತಿರುತ್ತಿದ್ದರು. ಮಂಚದ ಕಂಬಿ ಹಿಡಿಯುತ್ತಿದ್ದರೇ ಹೊರತು ನನ್ನನ್ನು ಮುಟ್ಟುತ್ತಿರಲಿಲ್ಲ. ಆಯಾ ನನ್ನ ಬಟ್ಟೆ ಬದಲಾಯಿಸುವುದಕ್ಕೆ ಸ್ವಲ್ಪ ಹಿಡ್ಕೊಳ್ಳಿ ಅಂದರೆ ಹೊರಗೆ ಹೋಗಿಬಿಡುತ್ತಿದ್ದರು. ಎಂಥ ಗಂಡಸಮ್ಮ ಇವರು ಅಂತ ಆಯಾ ಬೈದಳು.

ಐದು ವಾರ ಆಯಿತು. ಡಾಕ್ಟರು ದಿನಾ ಬೆಳಿಗ್ಗೆ ಬಂದು ಪೆನ್ಸಿಲಿನ ತುದಿಯಲ್ಲಿ ಅಂಗಾಲು ಗೀರಿ, ಗೊತ್ತಾಗುತ್ತಾ ಅಂತ ಕೇಳುತ್ತಿದ್ದರು. ಇಲ್ಲ. ಬೆರಳು ಅಲ್ಲಾಡಿಸಿ. ಅಲ್ಲಾಡಿಸುತ್ತಿದ್ದೆ, ನನ್ನ ಲೆಕ್ಕದಲ್ಲಿ. ಕನ್ನಡಿ ಹಿಡಿದು ನೋಡಿದರೆ ಬೆರಳು ಹಾಗೇ ಇರುತ್ತಿತ್ತು. ಇನ್ನು ಸ್ವಲ್ಪ ದಿನ ನೋಡೋಣ ಅನ್ನುತ್ತಿದ್ದರು. ಅವರು ಕಾಯುತ್ತಿದ್ದದ್ದು ನನ್ನ ಸುಳ್ಳಿನ ಮೇಲೆ ಅಂತ ನನಗೆ ಒಳಗೇ ಗೊತ್ತಾಗುತ್ತಾ ಬಂತು. ನಿಜ ಹೇಳಿದರೆ ಯಜಮಾನರನ್ನು ಪೊಲೀಸಿಗೆ ಕೊಡುತ್ತಾರೇನೋ ಅನ್ನುವ ಹೆದರಿಕೆ. ಊರಲ್ಲಿ ಅವರು ತಲೆ ಎತ್ತುವ ಹಾಗಿಲ್ಲ ಅನ್ನುವ ಹೆದರಿಕೆ. ಹೇಳದಿದ್ದರೆ ನಾನು ಹೀಗೇ. ಎರಡು ಕಡೆಯಿಂದಲೂ ಹಿಡಿದ ಹಾಗಿತ್ತು.

ಆಗ ಒಂದು ಸಂಜೆ ಬಾಷಾ ಪೈಲ್ವಾನ್ ಮೂಸಂಬಿ ತೆಗೆದುಕೊಂಡು ಬಂದ. ರಿಂಗಿನಲ್ಲಿ ನಮ್ಮವರ ಕೆಳಗೆ ಮಲಗಿ ಅರಚುತ್ತಿದ್ದವನು. ಒಳ್ಳೆ ಮನುಷ್ಯ. ಯಜಮಾನರು ಇನ್ನೂ ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂತರೆ ಮುರಿದೀತು ಅಂತ ನಿಂತೇ ಮಾತಾಡಿದ.

"ಭಾಬಿ, ಪೈಲ್ವಾನ್ರಿಗೆ ಏನಾಗಿದೆ?" ಅಂತ ಕೇಳಿದ. ಹಿಂದಿನ ಶನಿವಾರ ಕಂಟ್ರಾಕ್ಟರು ಬಲವಂತ ಮಾಡಿ ಇಬ್ಬರನ್ನೂ ರಿಂಗಿಗೆ ಇಳಿಸಿದ್ದನಂತೆ. ಎಲ್ಲಾ ಮಾತಾದ ಹಾಗೇ ನಡೆಯಿತಂತೆ. ಕೊನೆಗೆ ಏಡಿ ಪಟ್ಟು. ಇವರು ಬಾಷಾನ ಎರಡು ಕಾಲು ಹಿಡಿದರು, ಸೊಂಟದ ಮೇಲೆ ಕೂತರು. ಎಳೆಯಲಿಲ್ಲ.

"ನಾನು ಕೆಳಗಿಂದ ಮೆಲ್ಲಗೆ ಹೇಳ್ದೆ, ಎಳೀರಿ ಗುರು, ಜನ ನೋಡ್ತಾವ್ರೆ ಅಂತ. ಎಳೀಲಿಲ್ಲ. ನಾನೇ ಸುಮ್ನೆ ನೆಲ ಬಡ್ದೆ, ಕೂಗ್ದೆ. ಆದ್ರೂ ಬಿಡ್ಲಿಲ್ಲ ಭಾಬಿ. ಎಳೆಯೋದೂ ಇಲ್ಲ, ಬಿಡೋದೂ ಇಲ್ಲ. ತಿರುಗಿ ನೋಡಿದ್ರೆ ಗಡಗಡ ನಡುಗ್ತಾ ಕೂತವ್ರೆ."

ಜನ ನಕ್ಕರಂತೆ, ಕಡಲೆಕಾಯಿ ಸಿಪ್ಪೆ ಎಸೆದರಂತೆ. ಇನ್ನು ಈ ಕಡೆ ಬರಬೇಡ ಅಂದನಂತೆ ಕಂಟ್ರಾಕ್ಟರು. ನಾನು ಬಾಷಾನಿಗೆ ಎಲ್ಲಾ ಹೇಳಿದೆ. ಆಸ್ಪತ್ರೆ ಸೇರಿದಮೇಲೆ ಬಾಯಿಬಿಟ್ಟು ನಿಜ ಹೇಳಿದ್ದು ಅದೇ ಮೊದಲು. ಅವನು ಎರಡು ಕಿವಿ ಹಿಡಿದುಕೊಂಡು ತೋಬಾ ಅಂದ. ಆಮೇಲೆ, ನನ್ನ ಹತ್ತಿರ ಹೇಳಿ ಏನು ಪ್ರಯೋಜನ, ಡಾಕ್ಟರಿಗೆ ಹೇಳಬೇಕು ಅಂದ. ಅವನು ಹೇಳಿದ್ದು ಸರಿ.

ಯಜಮಾನರು ಬಂದಾಗ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ನಾನು ಬಿದ್ದಿಲ್ಲ ಅಂತ ಡಾಕ್ಟ್ರಿಗೆ ಹೇಳ್ಬೇಕು. ನೀವ್ ಹೇಳ್ತೀರೋ, ನಾನ್ ಹೇಳ್ಲೋ?" ಅಂದೆ.

ಅವರು ಮಂಚದ ಕಂಬಿ ಹಿಡಿದುಕೊಂಡರು. "ಬಿದ್ದೆ ಅಂದಿದ್ದು ನೀನೇ ಅಲ್ವೇನೆ," ಅಂದರು.

"ಹೌದು, ನಾನೇ. ನನ್ ಕಾಲೂ ನಂದೇ," ಅಂದೆ.

ಅವರು ಹೊರಟುಹೋದರು. ಬರುವುದಿಲ್ಲ ಅಂದುಕೊಂಡೆ. ಹೆದರಿದ ಗಂಡಸರು ಹಾಗೇ, ದೊಡ್ಡ ಮೈ ಇದ್ದವರು ಇನ್ನೂ ಬೇಗ ಹೆದರುತ್ತಾರೆ.

ಮಾರನೇ ಬೆಳಿಗ್ಗೆ ದೊಡ್ಡ ಡಾಕ್ಟರು ನಾಲ್ಕು ಜನ ಚಿಕ್ಕ ಡಾಕ್ಟರುಗಳ ಜತೆ ನನ್ನ ಮಂಚಕ್ಕೆ ಬಂದರು. ಆ ಹೊತ್ತಲ್ಲಿ ಗಂಡಸರಿಗೆ ಪ್ರವೇಶ ಇಲ್ಲ. ಕನ್ನಡಿಯಲ್ಲಿ ನೋಡುತ್ತೇನೆ, ಬಾಗಿಲಲ್ಲಿ ಸಿಸ್ಟರು ಕೈ ಅಡ್ಡ ಹಿಡಿದು ಬೈಯುತ್ತಿದ್ದಾರೆ, ನಮ್ಮವರು ಅವರ ಕೈ ಕೆಳಗೆ ಬಗ್ಗಿ ಒಳಗೆ ಬರುತ್ತಿದ್ದಾರೆ.

"ಸಾರ್, ಅವ್ಳು ಬಿದ್ದಿಲ್ಲ," ಅಂದರು. "ನಾನು ಪಟ್ಟು ಹಾಕ್ದೆ."

ಏನು ಪಟ್ಟು ಅಂತ ಡಾಕ್ಟರು ಕೇಳಿದರು. ಇವರು ಗಾಳಿಯಲ್ಲಿ ಕೈ ಆಡಿಸಿದರು, ಹೀಗೆ ಅಂದರು, ಹಾಗೆ ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನೀವಿದಿರಾ ಅಂದರು. ಇಲ್ಲ ಸಾರ್. ತುಳಿದಿರಾ? ಇಲ್ಲ ಸಾರ್. ಇವರು ಮಾತು ಬರದವರು. ಮೂವತ್ತು ಹೆಂಗಸರು ನೋಡುತ್ತಿದ್ದ ಹಾಗೇ ವಾರ್ಡಿನ ನೆಲದ ಮೇಲೆ ಬೋರಲು ಮಲಗಿಬಿಟ್ಟರು. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಒದ್ದೆ ಇತ್ತು.

"ನನ್ ಕಾಲ್ ಹಿಡ್ಕೊಳಿ ಸಾರ್. ಎರಡೂನೂ. ನನ್ ಸೊಂಟದ ಮೇಲ್ ಕೂತ್ಕೊಳಿ. ಈಗ ಹಿಂದಕ್ಕೆ ವಾಲಿ."

ಡಾಕ್ಟರು ಕೂರಲಿಲ್ಲ, ಒಬ್ಬ ಚಿಕ್ಕ ಡಾಕ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಆ ಕಡ್ಡಿಯಂಥವನು ನಮ್ಮವರ ಕಾಲು ಕಂಕುಳಿಗೆ ಸಿಕ್ಕಿಸಿಕೊಂಡು ವಾಲಿದ. ಇವರು ನೆಲಕ್ಕೆ ಮುಖ ಒತ್ತಿಕೊಂಡು, ಇನ್ನೂ ಸಾರ್, ಇನ್ನೂ ಅನ್ನುತ್ತಿದ್ದರು. ಸಾಕು ಸಾಕು ಅಂತ ದೊಡ್ಡ ಡಾಕ್ಟರೇ ನಿಲ್ಲಿಸಬೇಕಾಯಿತು. ರಾಜಮ್ಮ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ನಾನು ಇದನ್ನೆಲ್ಲಾ ಕನ್ನಡಿಯಲ್ಲಿ ನೋಡಿದೆ.

ಎಷ್ಟು ಸಲ, ಕೊನೆಯ ಸಲ ಆದಮೇಲೆ ಕಾಲು ಹೋಗುವುದಕ್ಕೆ ಎಷ್ಟು ದಿನ ಅಂತ ಡಾಕ್ಟರು ಕೇಳಿದರು. ಮೂರು ಸಲ, ಎರಡು ದಿನ ಅಂತ ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ದಿನ ಹಾಳಾಯಿತಲ್ಲಮ್ಮ ಅಂದರು. ಒಂದೇ ಸಲ ಹೋದ ಕಾಲಿಗೆ ಇಷ್ಟು ಕಾಯಬಾರದಿತ್ತಂತೆ. ಪೊಲೀಸು ಗಿಲೀಸು ಏನೂ ಇಲ್ಲ. ಆ ಮೂಳೆ ಮೊದಲೇ ಟೊಳ್ಳಾಗಿತ್ತು, ಇವತ್ತಲ್ಲ ನಾಳೆ ಕುಸಿಯುತ್ತಿತ್ತು, ನೀನು ಅವಸರ ಮಾಡಿದೆ ಅಷ್ಟೆ ಅಂತ ಯಜಮಾನರಿಗೆ ಹೇಳಿದರು. ಸಮಾಧಾನಕ್ಕೆ ಹೇಳಿದರೋ, ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಜಮಾನರ ಅಂಗಿಯ ಮುಂಭಾಗ ಪೂರ್ತಿ ಒದ್ದೆಯಾಗಿತ್ತು.

ಎರಡು ದಿನ ಬಿಟ್ಟು ಆಪರೇಷನ್ ಮಾಡಿದರು. ಬೆನ್ನಿನ ಪಕ್ಕದಿಂದ ಕೊಯ್ದು ಕೀವು, ಮೂಳೆಯ ಚೂರು ತೆಗೆದರು. ಎಚ್ಚರವಾದಾಗ ಬಾಯಾರಿಕೆ. ನೀರು ಕೊಡುವ ಹಾಗಿಲ್ಲ ಅಂತ ಸಿಸ್ಟರು ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದರು. ಅಷ್ಟು ರುಚಿಯಾದ ನೀರು ನಾನು ಆಮೇಲೆ ಕುಡಿದಿಲ್ಲ. ಕಾಲು? ಕಾಲು ಹಾಗೇ ಇತ್ತು. ಹನ್ನೊಂದನೇ ದಿನ ಪೆನ್ಸಿಲು ಗೀರಿದಾಗ ಬಲಗಾಲಿನ ಹೆಬ್ಬೆರಳು ಜಿಗಿಯಿತು. ನನಗೆ ಗೊತ್ತಾಗಲಿಲ್ಲ. ಆಡ್ತು ಕಣೇ, ಆಡ್ತು ಅಂತ ರಾಜಮ್ಮನೇ ಹೇಳಿದ್ದು.

ಅಲ್ಲಿಂದ ಆಸ್ಪತ್ರೆಯಲ್ಲೇ ಏಳು ತಿಂಗಳು. ಒಂದು ದಿನ ಒಂದು ಬೆರಳು, ಇನ್ನೊಂದು ವಾರ ಮೊಣಕಾಲು. ಒಂದು ದಿನ ಮುಂದೆ, ನಾಲ್ಕು ದಿನ ಅಲ್ಲೇ. ಕೊನೆಯ ಮನೆಯ ಹುಡುಗಿಗೆ ಇದನ್ನೇ ಹೇಳಿದೆ. ದಿನಾ ಲೆಕ್ಕ ಹಾಕಿದರೆ ಹುಚ್ಚು ಹಿಡಿಯುತ್ತದೆ, ಹಾಕಬೇಡ. ಕಂಕುಳಿಂದ ಸೊಂಟದ ತನಕ ಪ್ಲಾಸ್ಟರಿನ ಅಂಗಿ ತೊಡಿಸಿ ಮನೆಗೆ ಕಳಿಸಿದರು. ಅದನ್ನು ತೊಟ್ಟು ಮತ್ತೆ ಆರು ತಿಂಗಳು, ಮಾತ್ರೆ ಒಂದೂವರೆ ವರ್ಷ. ಬೇಸಿಗೆಯಲ್ಲಿ ಅದರೊಳಗೆ ಬೆವರು ಇಳಿದು ತುರಿಸಿದರೆ ಅತ್ತೆ ತೆಂಗಿನ ಕಡ್ಡಿ ತೂರಿಸಿ ಕೆರೆಯುತ್ತಿದ್ದರು. ಕೆರೆಯುತ್ತಾ ಬೈಯುತ್ತಿದ್ದರು. ಬೈಗುಳ ಕೇಳಿದರೆ ಮನೆಗೆ ಬಂದಿದ್ದೇನೆ ಅಂತ ಅನ್ನಿಸುತ್ತಿತ್ತು.

ಗುರುವಾರ, ಭಾನುವಾರ ಜಗಲಿಗೆ ಜನ ಬಂದರು. ಯಜಮಾನರು ಬಾಗಿಲು ತೆರೆಯಲಿಲ್ಲ. ರಿಂಗಿಗೆ ಹೋಗಿ ದುಡ್ಡು ಮುಟ್ಟಿದ, ಕೈಗುಣ ಹೋಯಿತು ಅಂತ ಜನ ಆಡಿಕೊಂಡರು. ನಮ್ಮ ಹೊಲವನ್ನೂ ಸರ್ಕಾರದವರು ಬಡಾವಣೆಗೆ ತೆಗೆದುಕೊಂಡರು ಆ ವರ್ಷವೇ. ಯಜಮಾನರು ಬೆಳಿಗ್ಗೆಯಿಂದ ಸಂಜೆ ತನಕ ಎಮ್ಮೆ ನೋಡಿಕೊಂಡು ಕೂತಿರುತ್ತಿದ್ದರು. ನಾನು ನಡೆಯುವುದು ಕಲಿಯುವಾಗ ಎರಡು ಕೈ ಚಾಚಿಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ಎರಡು ಸಲ ಬಿದ್ದೆ. ಎರಡು ಸಲವೂ ಚಾಚಿದ ಕೈ ಚಾಚಿದ ಹಾಗೇ ಇತ್ತು, ಹಿಡಿಯಲಿಲ್ಲ. ಅವ್ವಾ ಅಂತ ಅವರಮ್ಮನನ್ನು ಕೂಗಿದರು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಮಾರನೇ ದಿನದ ಮಾತು ಹೇಳಿ ಮುಗಿಸುತ್ತೇನೆ. ಆರು ತಿಂಗಳು ನೀರು ಕಾಣದ ಬೆನ್ನು, ಸತ್ತ ಚರ್ಮ ಹೊಟ್ಟಿನ ಹಾಗೆ ಉದುರುತ್ತಿತ್ತು. ಅತ್ತೆ ನೆಂಟರ ಮನೆಗೆ ಹೋಗಿದ್ದರು. ಮಕ್ಕಳು ಶಾಲೆಗೆ. ಹಂಡೆಯಲ್ಲಿ ನೀರು ಕಾದಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಬೆನ್ನು ಉಜ್ಜಿ ಬನ್ನಿ ಅಂತ ಯಜಮಾನರನ್ನು ಕರೆದೆ.

ಅವ್ವ ಬರಲಿ ಅಂದರು ಬಾಗಿಲಾಚೆಯಿಂದ. ಅವ್ವ ಬರುವುದು ನಾಳೆ, ಅಲ್ಲೀ ತನಕ ಗೋಡೆಗೆ ಉಜ್ಜಿಕೊಳ್ಳಲಾ ಅಂದೆ. ಸ್ವಲ್ಪ ಹೊತ್ತಾದಮೇಲೆ ಒಳಗೆ ಬಂದರು. ನಾನು ಬೆನ್ನು ಹಾಕಿ ಕೂತಿದ್ದೆ. ಸೀಗೆಪುಡಿ ಕಲೆಸಿದ ಸದ್ದು ಕೇಳಿಸಿತು. ಚೊಂಬು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಕಾದೆ. ಮತ್ತೂ ಕಾದೆ. ನನಗೆ ರೇಗಿತು.

"ಏನ್ ಯೋಚ್ನೆ ಮಾಡ್ತಾ ಕೂತಿದೀರಿ? ಕೈ ಇಡಿ," ಅಂದೆ.

"ಆಗ್ಲಿಂದ ಉಜ್ತಾ ಇದೀನಲ್ಲೇ," ಅಂದರು.

ಕೆಳಗೆ ನೋಡಿದೆ. ಸೀಗೆಯ ಕಂದು ನೀರು ನನ್ನ ಮಣೆಯ ಎರಡು ಪಕ್ಕದಿಂದಲೂ ಹರಿದು ಬಚ್ಚಲ ಕಂಡಿಗೆ ಹೋಗುತ್ತಿತ್ತು. ಕೊಯ್ದ ಜಾಗದ ಸುತ್ತ ಚರ್ಮಕ್ಕೆ ಅರಿವೇ ಉಳಿದಿರಲಿಲ್ಲ. ಅದು ನಮ್ಮಿಬ್ಬರಿಗೂ ತಿಳಿದದ್ದು ಆ ಗಳಿಗೆಯಲ್ಲೇ.

ಅವರು ಕೈ ತೆಗೆಯಲಿಲ್ಲ, ತೆಗೆದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಇಲ್ಲಿ ಗೊತ್ತಾಗುತ್ತಾ ಅಂತ ಕೇಳಿದರು. ಇಲ್ಲ ಅಂದೆ. ಇಲ್ಲಿ? ಇಲ್ಲ. ಇಲ್ಲಿ? ಎಲ್ಲಿ ಅಂತ ಕೇಳಿದೆ. ಬಹಳ ಹೊತ್ತಾದಮೇಲೆ ಭುಜದ ಹತ್ತಿರ, ಕತ್ತು ಶುರುವಾಗುವ ಕಡೆ, ಎರಡು ಬೆರಳು ತಗುಲಿದವು. ಸೀಗೆಪುಡಿಯ ತರಿತರಿ ಗೊತ್ತಾಯಿತು.

"ಹೂಂ, ಅಲ್ಲಿ," ಅಂದೆ.

ಬೆರಳು ಅಲ್ಲೇ ಇತ್ತು, ಆಡುತ್ತಿರಲಿಲ್ಲ. ಅವರ ಉಸಿರು ಜೋರಾಗಿ ಕೇಳಿಸುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ತಿರುಗುವುದು ಆಗ ನನಗೆ ಆಗುತ್ತಲೂ ಇರಲಿಲ್ಲ.

ನೀರು ಆರುತ್ತಿದೆ, ಹುಯ್ಯಿರಿ ಅಂದೆ. ಹುಯ್ದರು.